ಪುಟ್ಟೇನಹಳ್ಳಿಗೊಂದು ಪುಟ, ಕೋಗಿಲಿಗೊಂದು ಪ್ಯಾರಾ

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಕೆರೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಜೆ.ಪಿ. ನಗರದ್ದು. ಹದಿಮೂರು ಎಕರೆ ಚಿಲ್ಲರೆಯ ಆ ಕೆರೆ ಬತ್ತಿ, ಕಸದ ಗುಂಡಿಯಾಗುವ ಹಂತಕ್ಕೆ ಬಂದಿದ್ದಾಗ ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಹೊರೆಯವರು 2010ರಲ್ಲಿ ಟ್ರಸ್ಟ್ ಕಟ್ಟಿದರು. ಮರುವರ್ಷ ಬಿಬಿಎಂಪಿ ಜತೆ ಒಪ್ಪಂದ ಮಾಡಿಕೊಂಡು ಕೆರೆಯ ಉಸ್ತುವಾರಿ ವಹಿಸಿಕೊಂಡರು. ನಾಗರಿಕರು ಕೆರೆ ಉಳಿಸಿಕೊಂಡ ಆ ಕಥೆ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ.

ಅದೇ ಹೆಸರಿನ ಇನ್ನೊಂದು ಕೆರೆ ನಗರದ ಉತ್ತರ ತುದಿಯಲ್ಲಿದೆ. ಯಲಹಂಕದಿಂದ ದೊಡ್ಡಬಳ್ಳಾಪುರದ ರಸ್ತೆ ಹಿಡಿದರೆ ಸಿಗುವ ಈ ಪುಟ್ಟೇನಹಳ್ಳಿ ಕೆರೆ ಸುಮಾರು 37 ಎಕರೆ. ಇದರ ಕಥೆ ಬೇರೆ. 2015ರಲ್ಲಿ ರಾಜ್ಯ ಸರ್ಕಾರ ಇದನ್ನು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಅಂದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಬಂಡೀಪುರ, ನಾಗರಹೊಳೆ, ರಂಗನತಿಟ್ಟು ಇರುವ ಸಾಲಿನ ಕೊನೆಯಲ್ಲಿ ಯಲಹಂಕದ ಈ ಕೆರೆಗೂ ಒಂದು ಜಾಗವಿದೆ. ವಿಸ್ತೀರ್ಣ 0.15 ಚದರ ಕಿಲೋಮೀಟರ್.

ಇಷ್ಟು ಸಣ್ಣ ತಾಣಕ್ಕೆ ವಿಶ್ವಕೋಶದಲ್ಲಿ ಸ್ವಂತದ ಒಂದು ಪುಟ ಸಲ್ಲುತ್ತದೆಯೇ? ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ಆದರೆ ವಿಕಿಪೀಡಿಯದಲ್ಲಿ ಲೇಖನ ಬರೆಯುವವರೂ ಅಳಿಸುವವರೂ ಇಂಥ ತಾಣಗಳ ಬಗ್ಗೆ ಬಹಳ ಹೊತ್ತು ವಾದ ಮಾಡುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದು ಲೇಖನ ತೆಗೆದುಹಾಕಬೇಕೆಂದು ಯಾರಾದರೂ ಸೂಚಿಸಿದರೆ ಕನಿಷ್ಠ ಏಳು ದಿನ ಚರ್ಚೆ ನಡೆಯುತ್ತದೆ. ಕೈ ಎತ್ತಿದವರ ತಲೆ ಎಣಿಸಿ ಅಲ್ಲಿ ತೀರ್ಪು ಕೊಡುವುದಿಲ್ಲ, ಯಾರ ವಾದಕ್ಕೆ ಆಧಾರವಿದೆ ಎಂದು ನೋಡುತ್ತಾರೆ. ನಮ್ಮೂರಿನ ಕೆರೆ, ಚೆನ್ನಾಗಿದೆ, ದಿನಾ ವಾಕಿಂಗ್ ಹೋಗುತ್ತೇವೆ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಅಷ್ಟು ಚಿಕ್ಕ ಕೆರೆ ಯಾರಿಗೆ ಬೇಕು ಎಂಬ ಮಾತಿಗೂ ಇಲ್ಲ.

ಆಧಾರ ಎಂದರೆ ಏನು ಎನ್ನುವುದೇ ಇಡೀ ವಿಷಯದ ತಿರುಳು. ವಿಕಿಪೀಡಿಯ ಇದಕ್ಕೆ ಗಮನಾರ್ಹತೆ ಎಂಬ ಅಳತೆಗೋಲು ಇಟ್ಟುಕೊಂಡಿದೆ. ವಿಷಯಕ್ಕೆ ಸಂಬಂಧಪಡದ, ನಂಬಬಹುದಾದ ಮೂಲಗಳು ಆ ವಿಷಯದ ಬಗ್ಗೆ ಒಂದಿಷ್ಟು ವಿವರವಾಗಿಯೇ ಬರೆದಿರಬೇಕು. ಹೆಸರು ಬಂದು ಹೋದರೆ ಸಾಲದು. ಊರುಗಳಿಗೆ ರಿಯಾಯಿತಿಯಿದೆ: ಕಾನೂನಿನ ಮಾನ್ಯತೆ ಇರುವ, ಜನ ವಾಸಿಸುವ ಸ್ಥಳವಾದರೆ ಎಷ್ಟೇ ಚಿಕ್ಕದಿದ್ದರೂ ಸಾಮಾನ್ಯವಾಗಿ ಪುಟ ಸಿಗುತ್ತದೆ. ಕೆರೆ, ಬೆಟ್ಟ, ತೊರೆಗಳಿಗೆ ಈ ರಿಯಾಯಿತಿ ಪೂರ್ತಿ ಇಲ್ಲ. ಹೆಸರು, ಅಕ್ಷಾಂಶ, ರೇಖಾಂಶ, ವಿಸ್ತೀರ್ಣ ಇವುಗಳಾಚೆಗೆ ಹೇಳಲು ಏನಾದರೂ ಇದೆಯೇ ಎಂದು ಕೇಳುತ್ತಾರೆ. ಇಲ್ಲವಾದರೆ ಅದನ್ನು ಊರಿನ ಪುಟದೊಳಗೆ ಒಂದು ಪ್ಯಾರಾ ಮಾಡಿ ಸೇರಿಸಿ ಎನ್ನುತ್ತಾರೆ.

ಬಳ್ಳಾರಿ ರಸ್ತೆಯ ಕೋಗಿಲು ಕ್ರಾಸಿನಲ್ಲಿ ಪೂರ್ವಕ್ಕೆ ತಿರುಗಿದರೆ ಸಿಗುವ ಕೋಗಿಲು ಗ್ರಾಮಕ್ಕೆ ಈ ಲೆಕ್ಕದಲ್ಲಿ ಪುಟ ಸಿಗುವುದು ಸುಲಭ. ಅದರ ಕೆರೆಗೆ ಕಷ್ಟ. ಊರು ಸರ್ಕಾರದ ದಾಖಲೆಯಲ್ಲಿದ್ದರೆ ಸಾಕು, ಕೆರೆ ಯಾರಾದರೂ ಬರೆದ ಬರಹದಲ್ಲಿರಬೇಕು. ಕೆರೆಯಿಂದಲೇ ಬದುಕಿದ ಊರುಗಳ ಸೀಮೆಯಲ್ಲಿ ಈ ವ್ಯತ್ಯಾಸ ಸ್ವಲ್ಪ ಅನ್ಯಾಯವಾಗಿಯೇ ಕಾಣುತ್ತದೆ. ಯಲಹಂಕ, ಅಳ್ಳಾಳಸಂದ್ರ, ಜಕ್ಕೂರು, ರಾಚೇನಹಳ್ಳಿ, ಹೆಬ್ಬಾಳ ಎಲ್ಲವೂ ಏರಿ, ಕೋಡಿ, ತೂಬು, ರಾಜಕಾಲುವೆಗಳ ಲೆಕ್ಕಾಚಾರದ ಮೇಲೆ ನಿಂತ ಊರುಗಳು. ಜಕ್ಕೂರು ಕೆರೆ ತುಂಬಿದರೆ ನೀರು ರಾಚೇನಹಳ್ಳಿಗೆ ಇಳಿಯುತ್ತದೆ. ಹೀಗೆ ಒಂದರ ಕೋಡಿ ಇನ್ನೊಂದರ ಬಾಯಿಗೆ ಬೀಳುವ ಸರಣಿಯಲ್ಲಿ ಯಾವ ಕೆರೆಯನ್ನು ಬೇರೆ ಮಾಡಿ ಪುಟ ಕೊಡುವುದು, ಯಾವುದನ್ನು ಬಿಡುವುದು?

ಕನ್ನಡದಲ್ಲಿ ಈ ಆಯ್ಕೆಯ ಕೆಲಸ ಹೊಸದಲ್ಲ. ಇಮ್ಮಡಿ ಚಾವುಂಡರಾಯ ಸುಮಾರು 1025ರಲ್ಲಿ ‘ಲೋಕೋಪಕಾರ’ ಬರೆದಾಗ ಅಡುಗೆ, ಸುಗಂಧ, ಪಶುವೈದ್ಯದ ಜತೆಗೆ ನೆಲದಡಿಯ ನೀರು ಹುಡುಕುವ ವಿದ್ಯೆಗೂ ಜಾಗ ಕೊಟ್ಟ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿ, ಅವುಗಳ ವಾಸ, ಆಹಾರ ಎಲ್ಲ ಬರುತ್ತದೆ. 1936ರಲ್ಲಿ ಶಿವರಾಮ ಕಾರಂತರು ಒಬ್ಬರೇ ಕುಳಿತು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ತಂದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ, ಹದಿನಾಲ್ಕನೆಯದು 2004ರಲ್ಲಿ ಬಂತು. ಅಚ್ಚಿನ ವಿಶ್ವಕೋಶಕ್ಕೆ ಪುಟಗಳ ಮಿತಿಯಿತ್ತು. ಯಾವುದು ಬೇಕು, ಯಾವುದು ಬೇಡ ಎಂಬುದನ್ನು ಸಂಪಾದಕ ಮಂಡಳಿ ನಿರ್ಧರಿಸುತ್ತಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಕಾಗದದ ಮಿತಿಯಿಲ್ಲ, ಸಂಪಾದಕ ಮಂಡಳಿಯೂ ಇಲ್ಲ. ಇದ್ದ ಮಿತಿ ಹೋದ ಮೇಲೆ ಉಳಿದ ಒಂದೇ ಕಟ್ಟುಪಾಡು ಮೂಲಗಳದ್ದು.

ಆ ಕಟ್ಟುಪಾಡನ್ನೂ ಕೈಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಫಿಲಿಪ್ಪೀನ್ಸಿನ ಸೆಬುವಾನೋ ಭಾಷೆಯ ವಿಕಿಪೀಡಿಯ ನೋಡಬೇಕು. ಲೇಖನಗಳ ಸಂಖ್ಯೆಯಲ್ಲಿ ಅದು ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ. ಅರವತ್ತು ಲಕ್ಷಕ್ಕೂ ಹೆಚ್ಚು ಪುಟ. ಅದರಲ್ಲಿ ಬಹುಪಾಲು ಬರೆದದ್ದು ಸ್ವೀಡನ್ನಿನ ಸ್ವೆರ್ಕರ್ ಯೋಹಾನ್ಸನ್ ಎಂಬವರು ರೂಪಿಸಿದ ಒಂದು ತಂತ್ರಾಂಶ. ಭೂನಕ್ಷೆಯ ದತ್ತಾಂಶದಿಂದ ಬೆಟ್ಟ, ಹಳ್ಳ, ಕೆರೆಗಳ ಹೆಸರು ಹೆಕ್ಕಿ ಅದು ಲಕ್ಷಗಟ್ಟಲೆ ಪುಟ ಸೃಷ್ಟಿಸಿತು. ಎತ್ತರ ಇಷ್ಟು, ಸರಾಸರಿ ಮಳೆ ಇಷ್ಟು, ಹತ್ತಿರದ ಊರು ಇದು. ಅಲ್ಲಿಗೆ ಮುಗಿಯಿತು. ಆ ಕೆರೆಯ ನೀರು ಯಾರು ಕುಡಿದರು, ಅಲ್ಲಿಗೆ ಯಾವ ಹಕ್ಕಿ ಬರುತ್ತದೆ ಎನ್ನುವುದು ಇಲ್ಲ. ಪುಟವಿದೆ, ಆದರೆ ಓದುವುದಕ್ಕೆ ಏನೂ ಇಲ್ಲ. ಕನ್ನಡಕ್ಕೂ ಇಂಥ ಅನುಭವವಿದೆ: ಸುಮಾರು 2010ರ ಹೊತ್ತಿಗೆ ಗೂಗಲ್‌ನ ಅನುವಾದ ಯೋಜನೆಯ ಮೂಲಕ ಇಂಗ್ಲಿಷಿನಿಂದ ಬಂದು ಬಿದ್ದ ಉದ್ದುದ್ದ ಲೇಖನಗಳ ಕನ್ನಡವನ್ನು ಕನ್ನಡಿಗರೇ ಓದಲಾಗದೆ ಒದ್ದಾಡಿದರು. ಸಂಖ್ಯೆ ಹೆಚ್ಚಿಸುವ ಹಟಕ್ಕಿಂತ, ಚುಟುಕಾದರೂ ಆಧಾರವಿರುವ ಒಂದು ಲೇಖನ ಎಷ್ಟೋ ಮೇಲು.

ಗಾತ್ರದ ಮಾತನ್ನು ಮೊದಲೇ ಬದಿಗಿಡಬಹುದು. ಗದಗ ಜಿಲ್ಲೆಯ ಮಾಗಡಿ ಕೆರೆ ಬರೀ 54 ಹೆಕ್ಟೇರ್. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ವಿಜಯನಗರ ಜಿಲ್ಲೆಯ ಅಂಕಸಮುದ್ರ ನೂರು ಹೆಕ್ಟೇರಿಗೂ ಸ್ವಲ್ಪ ಕಡಿಮೆ. ಎರಡೂ ಪುಟ್ಟೇನಹಳ್ಳಿಯ ಹಾಗೆಯೇ ಸಂರಕ್ಷಣಾ ಮೀಸಲುಗಳು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ ಜತೆ ಇವೆರಡಕ್ಕೂ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳೆಂಬ ಮನ್ನಣೆ ಸಿಕ್ಕಿತು. ಅದಕ್ಕೆ ಮೊದಲು ರಾಜ್ಯದಲ್ಲಿ ಆ ಗೌರವ ಇದ್ದದ್ದು ರಂಗನತಿಟ್ಟಿಗೆ ಮಾತ್ರ. ಚಿಕ್ಕ ಕೆರೆ ಎಂದು ತಳ್ಳಿಹಾಕುವವರು ಇವೆರಡರ ಹೆಸರು ಮರೆಯಬಾರದು.

ಬರಹ ಎಷ್ಟು ಮುಖ್ಯ ಎನ್ನುವುದಕ್ಕೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗಿಂತ ಒಳ್ಳೆಯ ಉದಾಹರಣೆ ಸಿಗದು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುವ ಊರದು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಆ ಹಕ್ಕಿಗಳನ್ನು ನೋಡಿಕೊಂಡದ್ದು ಎಷ್ಟೋ ತಲೆಮಾರಿನಿಂದ ನಡೆದು ಬಂದ ರೂಢಿ. ಆದರೆ ಹೊರಗಿನ ಲೋಕಕ್ಕೆ ಅದು ಸರಿಯಾಗಿ ತಿಳಿದದ್ದು 1976ರಲ್ಲಿ, ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅದನ್ನು ಕಂಡು ದಾಖಲಿಸಿದ ಮೇಲೆ. ಆಮೇಲೆ ಸಂಶೋಧಕರು ಬಂದರು, ಊರಿನವರೇ ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿದರು, 2007ರಲ್ಲಿ ಸಮುದಾಯ ಮೀಸಲು ಎಂಬ ಘೋಷಣೆ ಬಂತು. ಹಕ್ಕಿ ಮೊದಲೂ ಇತ್ತು, ಪ್ರೀತಿಯೂ ಇತ್ತು. ನೇಗಿನಹಾಳರು ಬರೆದಿಡದಿದ್ದರೆ ವಿಶ್ವಕೋಶಕ್ಕೆ ಹಿಡಿದುಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಈಗ ಯಲಹಂಕಕ್ಕೆ ಬರಬಹುದು. ಪುಟ್ಟೇನಹಳ್ಳಿ ಕೆರೆಯ ಬಗ್ಗೆ ಲೇಖನ ಬರೆಯಲು ಕುಳಿತವರ ಮೇಜಿನ ಮೇಲೆ ಏನೇನು ಇರುತ್ತದೆ?

ಮೊದಲನೆಯದು ಸರ್ಕಾರದ ಅಧಿಸೂಚನೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರದ್ದಾದರೂ ಸಂರಕ್ಷಣಾ ಮೀಸಲು ಎಂಬ ವರ್ಗ ಅದರಲ್ಲಿ ಸೇರಿದ್ದು 2002ರ ತಿದ್ದುಪಡಿಯಿಂದ. ಅದರ 36-ಎ ಕಲಂ ಪ್ರಕಾರ ಸರ್ಕಾರದ ಒಡೆತನದ ಜಾಗವನ್ನು ಸ್ಥಳೀಯರೊಂದಿಗೆ ಸಮಾಲೋಚಿಸಿ ಹೀಗೆ ಘೋಷಿಸಬಹುದು. ಅಭಯಾರಣ್ಯದಷ್ಟು ಬಿಗಿಯಿಲ್ಲ, ಆದರೆ ಉಸ್ತುವಾರಿಗೆ ಸಮಿತಿ ಇರಬೇಕು. ಖಾಸಗಿ ಅಥವಾ ಸಮುದಾಯದ ನೆಲವಾದರೆ 36-ಸಿ, ಅಂದರೆ ಕೊಕ್ಕರೆ ಬೆಳ್ಳೂರಿನ ದಾರಿ. ಗೆಜೆಟ್‌ನಲ್ಲಿ ಗಡಿ, ಸರ್ವೆ ನಂಬರು, ವಿಸ್ತೀರ್ಣ ಇರುತ್ತದೆ. ವಿವರಗಳ ಮಟ್ಟಿಗೆ ಇದಕ್ಕಿಂತ ಗಟ್ಟಿ ದಾಖಲೆ ಬೇರೆ ಬೇಡ. ಆದರೆ ಇದು ಕೆರೆಯ ಒಡೆಯನೇ ಕೊಟ್ಟ ಹೇಳಿಕೆ. ಸ್ವತಂತ್ರ ಮೂಲವಲ್ಲ.

ಎರಡನೆಯದು ಹಕ್ಕಿ ನೋಡುವವರ ದಾಖಲೆ. ಈ ವಿಷಯದಲ್ಲಿ ಬೆಂಗಳೂರು ಪುಣ್ಯವಂತ ಊರು. 1972ರಲ್ಲಿ ಡಾ. ಜೋಸೆಫ್ ಜಾರ್ಜ್ ಮತ್ತು ಗೆಳೆಯರು ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಕಟ್ಟಿದರು. 1994ರಲ್ಲಿ ಆ ಕ್ಲಬ್ ಬೆಂಗಳೂರಿನ ಹಕ್ಕಿಗಳ ಟಿಪ್ಪಣಿ ಸಹಿತ ಪಟ್ಟಿಯನ್ನು ಅಚ್ಚು ಹಾಕಿಸಿತು. ಎಂಬತ್ತರ ದಶಕದ ಕೊನೆಯಿಂದ ಸುತ್ತಮುತ್ತಲ ಕೆರೆಗಳಲ್ಲಿ ನೀರುಹಕ್ಕಿಗಳ ಗಣತಿ ನಡೆಯಿತು, ಎಂ.ಬಿ. ಕೃಷ್ಣ ಮತ್ತು ಸಂಗಡಿಗರ ಆ ವರದಿಯನ್ನು 1996ರಲ್ಲಿ ಅರಣ್ಯ ಇಲಾಖೆಯೇ ಪ್ರಕಟಿಸಿತು. ಬೆಳಗಿನ ಜಾವ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತು ನಾಮದಕೋಳಿ ಎಷ್ಟು, ಗುಳುಮುಳುಕ ಎಷ್ಟು, ಹಾವಕ್ಕಿ ಎಷ್ಟು ಎಂದು ಬರೆದುಕೊಂಡವರ ಶ್ರಮ ಇಂಥ ಪುಸ್ತಕಗಳಲ್ಲಿದೆ. ವಿಶ್ವಕೋಶಕ್ಕೆ ಬೇಕಾದದ್ದು ಇದೇ. ಪ್ರಕಟವಾದದ್ದು, ದಿನಾಂಕ ಇರುವುದು, ಬೇರೆಯವರು ತೆರೆದು ನೋಡಬಹುದಾದದ್ದು.

ಇಲ್ಲಿ ಒಂದು ಸಂಗತಿ ಅನೇಕರಿಗೆ ನೋವು ಕೊಡುತ್ತದೆ. ಒಬ್ಬ ವ್ಯಕ್ತಿ ಕೋಗಿಲು ಕೆರೆಯನ್ನು ಹತ್ತು ವರ್ಷ ನೋಡಿ ನೋಟ್‌ಬುಕ್ಕಿನಲ್ಲಿ ಪ್ರತಿ ಹಕ್ಕಿಯ ಲೆಕ್ಕ ಇಟ್ಟಿರಬಹುದು. ಅದನ್ನು ಆತ ನೇರವಾಗಿ ವಿಕಿಪೀಡಿಯದಲ್ಲಿ ಬರೆಯುವಂತಿಲ್ಲ. ಸ್ವಂತ ಸಂಶೋಧನೆಗೆ ಅಲ್ಲಿ ಜಾಗವಿಲ್ಲ. ಮೊದಲು ಪತ್ರಿಕೆಯಲ್ಲೋ ಪುಸ್ತಕದಲ್ಲೋ ಬರಬೇಕು, ಆಮೇಲೆ ಉಲ್ಲೇಖವಾಗಿ ಬರಬಹುದು. ನಿಯಮ ಕಠಿಣ, ಆದರೆ ಸರಿ. ಯಾರು ಬೇಕಾದರೂ ತಿದ್ದಬಹುದಾದ ಪುಟದಲ್ಲಿ ಬರೆದವರ ಮಾತನ್ನು ಪರೀಕ್ಷಿಸುವ ದಾರಿ ಅದೊಂದೇ.

ಮೂರನೆಯದು ಪತ್ರಿಕಾ ವರದಿ. ಅದರಲ್ಲೂ ಜೊಳ್ಳು ಕಾಳು ಬೇರ್ಪಡಿಸಬೇಕು. ಗಣ್ಯರು ಸಸಿ ನೆಟ್ಟ ಸುದ್ದಿ, ಸ್ವಚ್ಛತಾ ಅಭಿಯಾನದ ಫೋಟೊ, ಇಲಾಖೆಯ ಪ್ರಕಟಣೆಯನ್ನೇ ಯಥಾವತ್ ಹಾಕಿದ ಸುದ್ದಿ ಲೆಕ್ಕಕ್ಕೆ ಬರುವುದಿಲ್ಲ. ‘ಲೇಕ್ ವ್ಯೂ’ ಎಂದು ಸೈಟು ಮಾರುವ ಜಾಹೀರಾತು ಬರುವುದೇ ಇಲ್ಲ. ವರದಿಗಾರ ಸ್ಥಳಕ್ಕೆ ಹೋಗಿ, ಕೊಳಚೆ ನೀರು ಎಲ್ಲಿಂದ ಬರುತ್ತಿದೆ, ನೀರಿನ ನಡುವಿನ ಮರಗಳ ಸ್ಥಿತಿ ಏನು, ಯಾವ ಹಕ್ಕಿ ಬರುವುದು ನಿಂತಿತು ಎಂದು ಕೇಳಿ ಬರೆದದ್ದು ಬರುತ್ತದೆ. ಪುಟ್ಟೇನಹಳ್ಳಿಯ ಕೊಳಚೆ ಮತ್ತು ನಿರ್ಲಕ್ಷ್ಯದ ಬಗ್ಗೆ ಅಂಥ ವರದಿಗಳು ಬಂದಿವೆ.

ಪತ್ರಿಕೆಗಳು ಯಾವುದನ್ನು ಸುದ್ದಿ ಮಾಡುತ್ತವೆ ಎನ್ನುವುದೂ ಗಮನಿಸಬೇಕಾದ್ದು. 2021ರ ನವೆಂಬರ್ ಮಳೆಯಲ್ಲಿ ಯಲಹಂಕ ಕೆರೆ ಉಕ್ಕಿ ಅಪಾರ್ಟ್‌ಮೆಂಟಿಗೆ ನೀರು ನುಗ್ಗಿದಾಗ ಕೆರೆಯ ಹೆಸರು ದಿನಗಟ್ಟಲೆ ಮುಖಪುಟದಲ್ಲಿತ್ತು. ವೈಮಾನಿಕ ಪ್ರದರ್ಶನ ಬಂತೆಂದರೆ ಯಲಹಂಕದ ಹದ್ದುಗಳು ಸುದ್ದಿಯಾಗುತ್ತವೆ. ಮಾಂಸದ ತ್ಯಾಜ್ಯಕ್ಕೆ ಅವು ಬಂದು ವಿಮಾನಕ್ಕೆ ಬಡಿಯಬಾರದೆಂದು 2025ರಲ್ಲಿ ವಾಯುನೆಲೆಯ ಸುತ್ತ 13 ಕಿಲೋಮೀಟರ್ ಮಾಂಸ ಮಾರಾಟ ನಿಷೇಧವಾಗಿತ್ತು. ಪ್ರವಾಹ ಬಂದಾಗ ಕೆರೆ, ವಿಮಾನ ಹಾರುವಾಗ ಹಕ್ಕಿ. ಉಳಿದ ದಿನಗಳಲ್ಲಿ ಕೆರೆಯೂ ಹಕ್ಕಿಯೂ ಯಾರ ಬರಹಕ್ಕೂ ಸಿಗುವುದಿಲ್ಲ. ಆ ಉಳಿದ ದಿನಗಳ ದಾಖಲೆಯೇ ವಿಶ್ವಕೋಶಕ್ಕೆ ಬೇಕಾದ್ದು.

ಘೋಷಣೆ ಇದ್ದ ಮಾತ್ರಕ್ಕೆ ಪುಟ, ಇಲ್ಲದಿದ್ದರೆ ಇಲ್ಲ ಎಂದು ಯಾರಾದರೂ ಅಂದುಕೊಂಡರೆ ಹೆಸರಘಟ್ಟ ಅದನ್ನು ತಿದ್ದುತ್ತದೆ. 1894ರಲ್ಲಿ ಬೆಂಗಳೂರಿಗೆ ಅರ್ಕಾವತಿಯ ನೀರು ಕೊಟ್ಟ ಕೆರೆ, ಅದರ ಸುತ್ತ ನಗರದ ಹತ್ತಿರ ಉಳಿದಿರುವ ದೊಡ್ಡ ಹುಲ್ಲುಗಾವಲು. ಅದನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ಒಪ್ಪಲಿಲ್ಲ. ಸ್ಥಳೀಯ ಶಾಸಕರ ವಿರೋಧವಿತ್ತು, ವಿಷಯ ಹೈಕೋರ್ಟಿಗೆ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಮಂಡಳಿ 5,678 ಎಕರೆಗೆ ಒಪ್ಪಿಗೆ ಕೊಟ್ಟಿತು. ಒಪ್ಪಿಗೆ ಸಿಗದಿದ್ದ ಆ ವರ್ಷಗಳಲ್ಲೂ ಹೆಸರಘಟ್ಟದ ಹುಲ್ಲುಗಾವಲಿನ ಬಗ್ಗೆ ಬೇಕಾದಷ್ಟು ಬರಹ ಇತ್ತು. ಪಕ್ಷಿತಜ್ಞರು, ಛಾಯಾಗ್ರಾಹಕರು, ವಕೀಲರು, ವರದಿಗಾರರು ಎಲ್ಲ ಬರೆದರು. ಸರ್ಕಾರ ಬೇಡ ಎಂದ ದಿನವೂ ಅದು ವಿಶ್ವಕೋಶಕ್ಕೆ ಅರ್ಹವೇ ಆಗಿತ್ತು.

ಇದಕ್ಕೆ ವಿರುದ್ಧದ ಸ್ಥಿತಿ ಹೆಬ್ಬಾಳದ ಪಕ್ಕದಲ್ಲೇ ಇದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ 167 ಹೆಕ್ಟೇರ್ 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ನವೆಂಬರ್ ಬಂದರೆ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಅದೇ ಆವರಣಕ್ಕೆ ಬರುತ್ತಾರೆ. ಕಾನೂನು ಕಾಪಾಡಿರುವ ಪಾರಂಪರಿಕ ತಾಣವೊಂದರಲ್ಲಿ ಓಡಾಡುತ್ತಿದ್ದೇವೆ ಎಂದು ಎಷ್ಟು ಜನಕ್ಕೆ ಗೊತ್ತು? ಇನ್ನಷ್ಟು ಮುಂದೆ, ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಲ್ಲಿ ಸುಮಾರು 54 ಎಕರೆ ಹುಣಸೆ ತೋಪಿದೆ. 2007ರಲ್ಲಿ ಘೋಷಣೆಯಾದ ಅದು ದೇಶದ ಮೊಟ್ಟಮೊದಲ ಜೀವವೈವಿಧ್ಯ ಪಾರಂಪರಿಕ ತಾಣ. ಮೊದಲನೆಯದು ಎಂಬ ಒಂದೇ ಸಂಗತಿಯಿಂದ ನಲ್ಲೂರಿಗೆ ಎಲ್ಲ ಪಟ್ಟಿಗಳಲ್ಲೂ ಹೆಸರು ಸಿಕ್ಕಿದೆ, ಸಂಶೋಧಕರೂ ಬಂದಿದ್ದಾರೆ. ಜಿಕೆವಿಕೆಯ ಕಾಡು ಮಾತ್ರ ವಿಶ್ವವಿದ್ಯಾಲಯದ ಹೆಸರಿನ ನೆರಳಲ್ಲೇ ಉಳಿದಿದೆ.

ಇಷ್ಟೆಲ್ಲ ನೋಡಿದ ಮೇಲೆ ಯಲಹಂಕದ ಪುಟ್ಟೇನಹಳ್ಳಿಯ ವಿಷಯದಲ್ಲಿ ಅನುಮಾನ ಉಳಿಯುವುದಿಲ್ಲ. ಕಾನೂನಿನ ಘೋಷಣೆಯಿದೆ, ದಶಕಗಳಿಂದ ಹಕ್ಕಿ ನೋಡುವವರ ನಂಟಿದೆ, ಸ್ಥಳಕ್ಕೆ ಹೋಗಿ ಬರೆದ ವರದಿಗಳಿವೆ. ಅದಕ್ಕೆ ಸ್ವತಂತ್ರವಾದ ಪುಟ ಬೇಕು, ಕನ್ನಡದಲ್ಲೂ ಬೇಕು. ಜೆ.ಪಿ. ನಗರದ ಕೆರೆಯ ಪುಟದಲ್ಲಿ ‘ಇದೇ ಹೆಸರಿನ ಇನ್ನೊಂದು ಕೆರೆ’ ಎಂಬ ಸಾಲಿಗೆ ಅದನ್ನು ಇಳಿಸುವುದು ತಪ್ಪು. ಒಂದು ನಾಗರಿಕರು ಉಳಿಸಿಕೊಂಡ ಕೆರೆ, ಇನ್ನೊಂದು ಕಾಯ್ದೆಯಡಿ ಹಕ್ಕಿಗಳಿಗೆಂದೇ ಮೀಸಲಾದ ಕೆರೆ. ಎರಡನ್ನೂ ಬೆರೆಸಿದರೆ ಎರಡರ ಮಾಹಿತಿಯೂ ಕೆಡುತ್ತದೆ, ಒಂದರ ಹಕ್ಕಿಪಟ್ಟಿ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ.

ಕೋಗಿಲು ಕೆರೆಗೆ ಸದ್ಯಕ್ಕೆ ಪ್ರತ್ಯೇಕ ಪುಟ ಬೇಡ. ಕೋಗಿಲು ಗ್ರಾಮದ ಲೇಖನದಲ್ಲಿ ಒಂದು ಒಳ್ಳೆಯ ಪ್ಯಾರಾ, ಯಲಹಂಕ ಸುತ್ತಿನ ಕೆರೆಗಳ ಬಗ್ಗೆ ಒಂದೇ ಲೇಖನ ಬಂದರೆ ಅದರಲ್ಲೊಂದು ಭಾಗ ಸಾಕು. ಕೆರೆಗಳು ಸರಣಿಯಾಗಿ ಬದುಕಿದವು, ಸರಣಿಯಾಗಿಯೇ ಅವುಗಳ ಬಗ್ಗೆ ಬರೆಯುವುದು ಹೆಚ್ಚು ನಿಜ. ಕೆರೆಗೆ ಇದರಿಂದ ಅವಮಾನವೇನೂ ಇಲ್ಲ, ಇದು ಶಾಶ್ವತ ತೀರ್ಪೂ ಅಲ್ಲ. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರವರೆಗೆ ಯಾರ ಗಮನಕ್ಕೂ ಬಾರದ ಒಂದು ಕಲ್ಲು. ಆಸಕ್ತರು ಅದನ್ನು ಗುರುತಿಸಿದರು, ವಿದ್ವಾಂಸರು ಅಕ್ಷರ ಓದಿ ಸುಮಾರು ಕ್ರಿ.ಶ. 750ರದ್ದೆಂದು ಕಾಲ ನಿಗದಿ ಮಾಡಿದರು. ಬೆಂಗಳೂರು ಸೀಮೆಯ ಅತಿ ಹಳೆಯ ಕನ್ನಡ ಶಾಸನಗಳ ಮಾತು ಬಂದಾಗ ಈಗ ಅದನ್ನು ಬಿಟ್ಟು ಮಾತಾಡುವಂತಿಲ್ಲ.

ಕೋಗಿಲಿನಲ್ಲಿ ಆಗಬೇಕಾದ ಕೆಲಸವೂ ಅದೇ ಜಾತಿಯದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಮಾಡಬೇಕು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪ್ರತಿಪಾದಿಸಿದ ಆಲೋಚನೆ ಅದು: ಊರಿನ ಗಿಡ, ಮೀನು, ಹಕ್ಕಿಯ ತಿಳಿವಳಿಕೆಯನ್ನು ಊರಿನವರಿಂದಲೇ ಕೇಳಿ ಬರೆಯುವುದು. ಕೋಗಿಲು ಕೆರೆಯ ಹಳೆಯ ಗ್ರಾಮ ನಕಾಶೆ ಇರುವವರು, ನೀರುಗಂಟಿ ಮನೆತನದವರು, ಕೋಡಿ ಹರಿದ ವರ್ಷಗಳನ್ನು ನೆನಪಿಟ್ಟುಕೊಂಡ ಹಿರಿಯರು, ಹತ್ತಿಪ್ಪತ್ತು ವರ್ಷದ ಹಕ್ಕಿಪಟ್ಟಿ ನೋಟ್‌ಬುಕ್ಕಿನಲ್ಲಿಟ್ಟುಕೊಂಡವರು ಅದನ್ನು ಮನೆಯಲ್ಲೇ ಬಿಡಬೇಡಿ. ಸ್ಥಳ, ದಿನಾಂಕ ಹಾಕಿ ಬರೆಯಿರಿ, ಪತ್ರಿಕೆಗೆ ಕಳಿಸಿ, ಕಾಲೇಜಿನ ಸಂಚಿಕೆಗೆ ಕೊಡಿ, ಸಮಿತಿಯ ದಾಖಲಾತಿಯಲ್ಲಿ ಸೇರಿಸಲು ಒತ್ತಾಯಿಸಿ. ಆಮೇಲೆ ಕನ್ನಡ ವಿಕಿಪೀಡಿಯದ ಅರಳಿಕಟ್ಟೆಯಲ್ಲಿ ಮಾತಿಗೆ ಕೂರಬಹುದು. ಅಲ್ಲಿ ಸಂಪಾದಕರ ಸಂಖ್ಯೆ ಕಡಿಮೆ, ಬರೆಯಲು ಬಂದವರನ್ನು ಅವರು ಕೈಬಿಡುವುದಿಲ್ಲ.